ಮಂಜಿನೊಳಗಿಂದ ಓಗೊಟ್ಟವಳು

ಕಟ್ಟಬೆಟ್ಟಿನ ಟೀ ತೋಟದ ಹೆಂಗಸರು ಮಂಜು ಇಳಿದಾಗ ಬಾಯಿ ಮುಚ್ಚಿಕೊಂಡು ಎಲೆ ಕೀಳುವುದಿಲ್ಲ. ಪೊದೆಗಳ ನಡುವೆ ಕಾಡುಕೋಣ ಮಲಗಿದ್ದರೂ ಕಾಣದು. ಅದಕ್ಕೆ ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುತ್ತಿರುತ್ತಾರೆ. ಕರೆಸಿಕೊಂಡವಳು "ಓ" ಅನ್ನಲೇಬೇಕು.

ಆ ಬೆಳಿಗ್ಗೆ ಸರಣ್ಯಾ ಸೀರೆ ನೆನೆಯದಂತೆ ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ ಹಗ್ಗ ಎಳೆದಳು. ಹಳೆಯ ಗಂಟಿನ ಗುರುತಿನವರೆಗೆ ತುದಿ ಬರಲಿಲ್ಲ.

"ಏನೇ, ಮೂಟೆ ಬೆನ್ನಿಗೆ ಕಟ್ಟೋದು ಬಿಟ್ಟು ಹೊಟ್ಟೆಗೆ ಕಟ್ಟಿದ್ದೀಯ?" ಎಂದಳು ಪಕ್ಕದ ಸಾಲಿನ ಪಂಕಜಂ.

"ನಿನ್ನ ಬಾಯಿಗೂ ಒಂದು ಕಟ್ತೀನಿ, ಸುಮ್ನಿರಕ್ಕಾ." ಸರಣ್ಯಾ ನಕ್ಕಳು.

ಮಗಳು ಜನನಿ ಹುಟ್ಟುವಾಗ ರಕ್ತದೊತ್ತಡ ಏರಿ ಅವಳಿಗೆ ಫಿಟ್ಸ್ ಬಂದಿತ್ತು. ಬೇಗನೆ ಇನ್ನೊಮ್ಮೆ ಬಸಿರಾದರೆ ಜೀವಕ್ಕೇ ಕುತ್ತು ಎಂದಿದ್ದರು ಡಾಕ್ಟರು. ಅಂದಿನಿಂದ ಮೂರು ತಿಂಗಳಿಗೊಮ್ಮೆ ಮಕ್ಕಳಾಗದ ಇಂಜೆಕ್ಷನ್. ಮುಟ್ಟು ನಿಂತಿತು, ಮೈ ತುಂಬಿಕೊಂಡಿತು. ಹೀಗಾಗಬಹುದು ಅಂತ ನರ್ಸ್ ಕಲೈಸೆಲ್ವಿ ಮೊದಲೇ ಹೇಳಿದ್ದಳು. ಆದರೂ ಕನ್ನಡಿಯಲ್ಲಿ ನಿಲ್ಲುವವಳು ಯಾರೋ ಪರಕೀಯಳು. ಈ ಸಲ ಇಂಜೆಕ್ಷನ್ ಬೇಡ, ಮದುವೆಯ ರವಿಕೆ ಹಿಡಿಸುತ್ತಿದ್ದ ಆ ಮೈ ವಾಪಸು ಬರಲಿ ಎಂದು ಯಾರಿಗೂ ಹೇಳದೆ ನಿರ್ಧರಿಸಿಬಿಟ್ಟಿದ್ದಳು. ಇಂಜೆಕ್ಷನ್‌ಗೆ ಹೋಗಬೇಕಾದ ದಿನ ಇವತ್ತೇ.

ಮಂಜು ದಟ್ಟವಾಯಿತು. ಪಂಕಜಂ ಕಾಣದಾದಳು.

"ಸರಣ್ಯಾ..."

ಇವಳು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನಿಂದ "ಓ" ಎಂದು ಬಂತು. ಇವಳದೇ ದನಿ.

ಆ ಸಾಲನ್ನು ನಿನ್ನೆಯೇ ಕಿತ್ತು ಮುಗಿಸಿದ್ದರು. ಆದರೂ ಅಲ್ಲೊಬ್ಬಳು ಬೆನ್ನು ಮಾಡಿ ನಿಂತಿದ್ದಳು. ತೆಳ್ಳಗಿನ ಸೊಂಟ, ಹಗ್ಗ ಹಳೆಯ ಗಂಟಿಗೇ ಬಿಗಿದಿತ್ತು. ಸರಣ್ಯಾಳಿಗೆ ಹೆದರಿಕೆಗಿಂತ ಮೊದಲು ಹೊಟ್ಟೆಕಿಚ್ಚಾಯಿತು. ಪೊದೆ ಸರಿಸಿಕೊಂಡು ಅವಳ ಹಿಂದೆ ನಡೆದಳು. ಇವಳು ನಡೆದಷ್ಟೂ ಅವಳು ಮುಂದೆ.

"ಎಲ್ಲಿದ್ದೀಯೇ, ಸರಣ್ಯಾ?" ಪಂಕಜಂ ದನಿ ಈಗ ಬಹಳ ದೂರ.

"ಓ," ಎಂದು ಮುಂದಿದ್ದವಳು ತಿರುಗಿದಳು.

ಹಿಂದಿನಿಂದ ಬಳ್ಳಿಯಂತಿದ್ದವಳು ಮುಂದಿನಿಂದ ತುಂಬು ಬಸುರಿ. ಮೈಮೇಲೆ ಹೆರಿಗೆ ವಾರ್ಡಿನ ಹಸಿರು ಅಂಗಿ. ಹಗ್ಗ ಆ ಬಸಿರನ್ನೇ ಸೀಳುವಂತೆ ಬಿಗಿದಿತ್ತು. ಫಿಟ್ಸ್ ಬಂದಾಗ ಕಚ್ಚಿಕೊಂಡ ನಾಲಗೆಯ ರಕ್ತ ತುಟಿಯಂಚಿನಲ್ಲಿ ಇನ್ನೂ ಹಸಿ. ಮುಖ ಸರಣ್ಯಾಳದೇ. ಕಣ್ಣು ಮಾತ್ರ ಯಾರನ್ನೂ ಗುರುತಿಸುತ್ತಿರಲಿಲ್ಲ. ಹಗ್ಗದ ತುದಿ ಬಿಚ್ಚಿ, ತಗೋ ಎಂಬಂತೆ ಚಾಚಿದಳು.

ಈ ಬೆಳಿಗ್ಗೆ ಸ್ವೆಟರ್ ತೊಡಿಸುವಾಗ ಜನನಿ ಮುಖ ಹುದುಗಿಸಿ ಮುದ್ದುಗರೆದದ್ದು ಈ ದಪ್ಪ ಹೊಟ್ಟೆಯಲ್ಲೇ ಎಂಬುದು ಸರಣ್ಯಾಳಿಗೆ ನೆನಪಾಯಿತು.

"ಸರಣ್ಯಾ..."

ಇಬ್ಬರ ಬಾಯಿಯೂ ತೆರೆಯಿತು. ಇವಳು ಮೊದಲು ಕೂಗಿದಳು. "ಓ, ಪಂಕಜಕ್ಕಾ, ಇಲ್ಲಿದ್ದೀನಿ. ನಾನೇ."

ಚಾಚಿದ ಹಗ್ಗಕ್ಕೆ ಕೈಯೊಡ್ಡದೆ ಪಂಕಜಂ ದನಿ ಹಿಡಿದು ಹಿಂತಿರುಗಿ, ಮೂಟೆಯನ್ನು ಅವಳಿಗೆ ಒಪ್ಪಿಸಿ, ಸರಣ್ಯಾ ನೇರ ಆಸ್ಪತ್ರೆಗೆ ನಡೆದಳು.

"ಸಿಸ್ಟರ್, ನನ್ನ ಮೈ ನನಗೇ ಗುರುತು ಸಿಗ್ತಿಲ್ಲ. ಈ ಇಂಜೆಕ್ಷನ್ ಬೇಡ, ಬಸಿರೂ ಬೇಡ. ಬೇರೆ ಏನಾದರೂ ಇದೆಯಾ?"

ಕಲೈಸೆಲ್ವಿ ಅವಳ ಒದ್ದೆ ಕೈ ಹಿಡಿದಳು. "ಗರ್ಭಕೋಶದೊಳಗೆ ಹಾಕೋ ಕಾಪರ್-ಟಿ ಇದೆಯಲ್ಲಾ, ಅದರಿಂದ ಮೈ ಊದಲ್ಲ. ಮೊದಲು ಪರೀಕ್ಷೆ ಮಾಡ್ತೀವಿ. ಇಷ್ಟು ದಿನ ಒಬ್ಬಳೇ ನುಂಗಿಕೊಂಡಿದ್ದೆಯಾ, ತಾಯಿ? ಕೂತಿರು, ಕರೀತೀನಿ."

ಸ್ವಲ್ಪ ಹೊತ್ತಿಗೆ ಒಳಗಿಂದ ಅವಳ ಹೆಸರು ಕೇಳಿಸಿತು. ಸರಣ್ಯಾ ತಟ್ಟನೆ "ಓ" ಎಂದು ಎದ್ದಳು.

ಬಾಗಿಲಾಚೆಯ ಮಂಜಿನಿಂದ ಇನ್ನೊಂದು "ಓ" ಬಂತು. ಅದು ತಡವಾಗಿತ್ತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.