ಒಪ್ಪಿಗೆಯ ಪರದೆ

ಫೋನಿನ ಗುಂಪಿನಲ್ಲಿ ವಾರದಿಂದ ನಡೆಯುತ್ತಿದ್ದ ಚರ್ಚೆಗೆ ಇನ್ನೂರ ಹದಿನಾಲ್ಕನೆಯ ಉತ್ತರ ಬಂದಾಗ ಪದ್ಮಾವತಿ ದೋಸೆ ಮಗುಚುತ್ತಿದ್ದಳು. ಒಂದು ಕಣ್ಣು ಹೆಂಚಿನ ಮೇಲೆ, ಇನ್ನೊಂದು ಫೋನಿನ ಮೇಲೆ. ಓದಿ ಮುಗಿಸುವಷ್ಟರಲ್ಲಿ ದೋಸೆ ಸೀದು ಹೋಯಿತು. ಓದಿದ್ದರಲ್ಲಿ ಹೊಸದೇನೂ ಇರಲಿಲ್ಲ.

ಫೋನಿಗೆ ಬಂದ ಸಂದೇಶಗಳನ್ನು ಕಣ್ಣು ಕಾಣದವರಿಗೆ ಕನ್ನಡದಲ್ಲಿ ಓದಿ ಹೇಳುವ ಆ್ಯಪೊಂದನ್ನು ಏಳೆಂಟು ಮಂದಿ ಸೇರಿ ಪುಕ್ಕಟೆಯಾಗಿ ನಡೆಸುತ್ತಿದ್ದರು. ವಿದ್ಯಾರಣ್ಯಪುರಂನ ಮನೆಯಲ್ಲೇ ಕೂತು ಕಂಪನಿಯೊಂದಕ್ಕೆ ಕೈಪಿಡಿ ಬರೆಯುವ ಪದ್ಮಾವತಿ ಅವರಲ್ಲೊಬ್ಬಳು. ಅವರ ಚರ್ಚೆಯ ಗುಂಪಿಗೆ ಹೊರಗಿನ ನೂರಾರು ಜನರೂ ಸೇರಿಕೊಂಡಿದ್ದರು. ಹೋದ ವಾರ ಹೊಸ ಆವೃತ್ತಿ ಹೊರಬಂದಿತ್ತು. ಖಾಸಗಿತನ ಕಾಪಾಡಲು ಸರ್ಕಾರ ತರಲಿರುವ ಅಂತರ್ಜಾಲದ ನಿಯಮಗಳಿಗೆ ಹೆದರಿ, ಪ್ರತಿ ಸಂದೇಶ ಓದುವ ಮುನ್ನವೂ ಬಳಸುವವರ ಒಪ್ಪಿಗೆ ಕೇಳುವ ಪರದೆಯೊಂದನ್ನು ಅದರಲ್ಲಿ ಸೇರಿಸಿದ್ದರು. ಆದರೆ ಆ ಪರದೆಯನ್ನೇ ಆ್ಯಪ್ ಓದುತ್ತಿರಲಿಲ್ಲ. ಕಣ್ಣಿಲ್ಲದವರ ಮುಂದೆ ಕಾಗದ ಹಿಡಿದು, ಓದಿ ಸಹಿ ಹಾಕಿ ಅಂದ ಹಾಗೆ.

ಸರಿಪಡಿಸಲು ನಾಲ್ಕು ಸಾಲು ಕೋಡ್ ಸಾಕಿತ್ತು. ಪದ್ಮಾವತಿ ಮೊದಲ ದಿನವೇ ಬರೆದಿಟ್ಟಿದ್ದಳು. ಹೊಸ ಆವೃತ್ತಿ ಹೊರಬಿಡುವ ಪಾಸ್‌ವರ್ಡ್ ಇದ್ದದ್ದೂ ಅವಳೊಬ್ಬಳ ಬಳಿಯೇ. ಆದರೆ ಚರ್ಚೆ ಮುಗಿದು ಎಲ್ಲರೂ ಒಪ್ಪುವ ತನಕ ಏನನ್ನೂ ಹೊರಬಿಡಬಾರದು ಎಂದು ಗುಂಪಿನ ನಿಯಮವಿತ್ತು. ಎರಡು ವರ್ಷದ ಹಿಂದೆ, ಜಗಳವಾಡಿಕೊಂಡ ಗಂಡಸರನ್ನು ಸಮಾಧಾನ ಮಾಡಲು, ಒಂದೊಂದು ಪದವನ್ನೂ ತೂಗಿ ಆ ನಿಯಮವನ್ನು ಬರೆದವಳು ಅವಳೇ.

"ಕಾನೂನು ಗೊತ್ತಿಲ್ದೋರು ದಯವಿಟ್ಟು ಸುಮ್ನಿರಿ. ನಾಳೆ ನೋಟಿಸ್ ಬಂದ್ರೆ ನಿಮ್ಮ ತಾತ ದಂಡ ಕಟ್ತಾರಾ?" ಇದು ಪರದೆಯ ಪರ ನಿಂತ ಸಾಗರ್‌ನ ಉತ್ತರ.

"ತೇಪೆ ಹಾಕೋದು ಪಂಕ್ಚರ್ ಅಂಗಡಿ ಕೆಲ್ಸ ಗುರುವೇ. ವಿನ್ಯಾಸವೇ ಕೊಳೆತೋಗಿದೆ, ಬುಡದಿಂದ ಬರೀಬೇಕು." ಇದು ರವಿಚಂದ್ರನದು.

"ಬುಡದಿಂದ ಬರೆಯೋಕೆ ನಿಂಗೆ ಬುಡ ಎಲ್ಲಿದೆ ಅಂತ ಗೊತ್ತೇನಪ್ಪ?"

ಸಾಗರ್‌ನ ಈ ಮಾತಿಗೆ ನಲವತ್ತು ಜನ ನಗುವ ಮುಖ ಒತ್ತಿದ್ದರು. 'ಬಳಕೆದಾರರ ಖಾಸಗಿತನ' ಎಂಬ ಮಾತು ಅರವತ್ತಮೂರು ಸಲ ಬಂದಿತ್ತು. ಪದ್ಮಾವತಿ ಎಣಿಸಿದ್ದಳು. ತಟ್ಟೆಯಲ್ಲಿ ಯಾರೋ ಉಗಿದ ಎಂಜಲನ್ನು ಪರೀಕ್ಷಿಸುತ್ತಿರುವಂತಿತ್ತು, ಆದರೂ ಓದುವುದನ್ನು ಬಿಡಲಾಗುತ್ತಿರಲಿಲ್ಲ. ಹಿಂದಿನ ದಿನ ಅವಳೂ ಒಂದು ಸಾಲು ಬರೆದಿದ್ದಳು. ಮೂರು ಸಲ ಅಳಿಸಿ ಮೆತ್ತಗೆ ಮಾಡಿದ ಸಾಲು: "ಬೇಗ ತೀರ್ಮಾನವಾದರೆ ಕೆಲವರಿಗೆ ಅನುಕೂಲವಾದೀತು." ಸಾಗರ್ ಉತ್ತರಿಸಿದ್ದ: "ಭಾವನೆ ಬೇಡ ಮೇಡಂ, ವಾದ ಇದ್ರೆ ಹೇಳಿ."

ವಾದವಿರಲಿಲ್ಲ, ಬಸವಮ್ಮ ಇದ್ದರು.

ಮೂರು ಮನೆ ಆಚೆಗೆ, ಮಗ ವಸಂತನ ಜೊತೆ ಇದ್ದ ಬಸವಮ್ಮ ಇಪ್ಪತ್ತು ವರ್ಷ ಹೊಲಿಗೆ ಕಲಿಸಿದವರು. ಸಕ್ಕರೆ ಕಾಯಿಲೆಗೆ ಕಣ್ಣು ಹೋಗಿ ನಾಲ್ಕು ವರ್ಷವಾಗಿತ್ತು. ಈಗ ತುಮಕೂರಿನಲ್ಲಿ ಅಂಧ ಮಹಿಳೆಯರಿಗೆ ತರಬೇತಿ ಕೊಡುವ ಸಂಸ್ಥೆಯೊಂದು, ಕೈಯಿಂದ ಮುಟ್ಟಿ ಹೊಲಿಯುವುದನ್ನು ಕಲಿಸಲು ಅವರನ್ನು ಕರೆಸಿಕೊಳ್ಳುವ ಯೋಚನೆಯಲ್ಲಿತ್ತು. ಅಲ್ಲೇ ಊಟ, ಅಲ್ಲೇ ವಾಸ. ಸಂದೇಶ ಬಂದ ದಿನವೇ ಒಪ್ಪಿಗೆ ತಿಳಿಸಬೇಕಿತ್ತು. ಮಗನಿಗೆ ಹೇಳಿರಲಿಲ್ಲ. "ಮೊದ್ಲು ಆಗ್ಲಿ, ಆಮೇಲೆ ಹೇಳ್ತೀನಿ. ಈಗಲೇ ಹೇಳಿದ್ರೆ, ಮಗ ಸಾಕ್ಲಿಲ್ಲ ಅಂತಾರೆ ಜನ ಅಂತ ತಡೆದ್ಬುಡ್ತಾನೆ ಕಣಮ್ಮ," ಅಂದಿದ್ದರು. ಆ್ಯಪ್ ಕೆಟ್ಟ ಮೇಲೆ ಪದ್ಮಾವತಿಯೇ ಬೆಳಿಗ್ಗೆ, ಸಂಜೆ ಹೋಗಿ ಅವರ ಫೋನ್ ನೋಡಿ ಬರುತ್ತಿದ್ದಳು.

ಆ ಬೆಳಿಗ್ಗೆ ಹೋದಾಗ ಬಸವಮ್ಮ ನಡುಮನೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ವಸಂತ ಕೆಲಸಕ್ಕೆ ಹೋಗಿದ್ದ.

"ಬಂದ್ಯಾ ಪದ್ಮ? ನಿನ್ನೆ ಮಧ್ಯಾಹ್ನ ಟಣ್ ಅಂತು. ತಡಕ್ತಾ ಇದ್ದೆ. ಊಟಕ್ಕೆ ಬಂದಿದ್ದ ಅವ್ನು, ಕೊಡಮ್ಮ ನೋಡ್ತೀನಿ ಅಂತ ಇಸ್ಕೊಂಡ. ಬ್ಯಾಂಕಿಂದು ಅಂದ."

"ನನಗೆ ಯಾಕೆ ಹೇಳಿ ಕಳಿಸ್ಲಿಲ್ಲ ಬಸವಮ್ಮನೋರೆ? ಸಂಜೆ ಬಂದಾಗ್ಲೂ ಫೋನ್ ಕೊಡ್ದೆ ಕಳಿಸಿಬಿಟ್ರಿ."

"ಸಂಜೆ ಅವ್ನು ಇಲ್ಲೇ ಕೂತಿದ್ನಲ್ಲ. ಬ್ಯಾಂಕಿನ ಮೆಸೇಜ್ ಓದೋಕೆ ಅಷ್ಟು ಹೊತ್ತು ಬೇಕಾ ಅಂತ ನಂಗೆ ಆಗ್ಲೇ ಅನ್ನಿಸ್ತು. ಮಧ್ಯಾಹ್ನ ಫೋನಲ್ಲಿ ಏನೋ ಕುಟ್ತಾನೂ ಇದ್ದ. ನೀನು ನೋಡಿ ಹೇಳ್ಬೇಡ. ನಾನೇ ಕೇಳ್ಬೇಕು. ನಿನ್ನ ಓದೋ ಮಿಷನ್ ಸರಿಮಾಡೋಕಾಗುತ್ತೋ ಇಲ್ವೋ?"

"ಆಗುತ್ತೆ."

"ಅಂಗಾದ್ರೆ ಒಂದು ವಾರದಿಂದ ಏನ್ಮಾಡ್ತಿದ್ದೆ?"

ಪದ್ಮಾವತಿ ಚಪ್ಪಲಿ ಮೆಟ್ಟಿಕೊಂಡಳು. ಮನೆಗೆ ಬಂದಳು. ಗುಂಪಿನಲ್ಲಿ ಇನ್ನೂರ ಮೂವತ್ತೊಂದು ಉತ್ತರ ಆಗಿತ್ತು. ಯಾರನ್ನೂ ಕೇಳದೆ ನಾಲ್ಕು ಸಾಲನ್ನೂ ಹೊರಬಿಟ್ಟಳು. ಅರ್ಧ ನಿಮಿಷದ ಕೆಲಸ.

ವಾಪಸು ಹೋಗಿ ಬಸವಮ್ಮನ ಫೋನಿಗೆ ಹೊಸ ಆವೃತ್ತಿ ಇಳಿಸಿ ಅವರ ಕೈಗೆ ಕೊಟ್ಟಳು. ಅದು ಒಪ್ಪಿಗೆ ಕೇಳಿತು, ಈ ಸಲ ಬಾಯಿಬಿಟ್ಟು. ಬಸವಮ್ಮ ಒತ್ತಿದರು. ಯಂತ್ರದ ದನಿ ಏರಿಳಿತವಿಲ್ಲದೆ ಓದಿತು: ಒಂದನೇ ತಾರೀಖಿನಿಂದ ಬರಬಹುದೇ, ಇಂದೇ ತಿಳಿಸಿ. ಅದರ ಕೆಳಗೆ ಉತ್ತರ: ನನಗೆ ಬರಲು ಆಗುವುದಿಲ್ಲ, ಮಗನ ಮನೆಯಲ್ಲಿ ಸುಖವಾಗಿದ್ದೇನೆ, ಇಂತಿ ಬಸವಮ್ಮ. ಅದರ ಕೆಳಗೆ ಇನ್ನೊಂದು: ಸರಿ ಅಮ್ಮ, ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡೆವು.

"ಮಧ್ಯದ್ದು ಇನ್ನೊಂದ್ ಸಲ ಓದ್ಸು."

ಪದ್ಮಾವತಿ ಓದಿಸಿದಳು.

"ಸುಖವಾಗಿದ್ದೀನಂತೆ," ಅಂದರು ಬಸವಮ್ಮ. ಎದ್ದು, ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದು ನಿಂತರು. "ನೀನು ಹೊರಡು. ಅವ್ನು ಬರೋದ್ರೊಳಗೆ ಏನ್ ಮಾತಾಡ್ಬೇಕು ಅಂತ ಯೋಚ್ನೆ ಮಾಡ್ಕೋಬೇಕು ನಾನು. ತುಮಕೂರಿಗೂ ಫೋನ್ ಮಾಡ್ತೀನಿ. ಇನ್ನು ಕದ್ದು ಮಾಡೋದೇನಿದೆ?"

ಬೀದಿಗೆ ಬರುವಷ್ಟರಲ್ಲಿ ಪದ್ಮಾವತಿಯ ಫೋನ್ ಕೈಯಲ್ಲಿ ಒಂದೇ ಸಮನೆ ಗುರುಗುಟ್ಟುತ್ತಿತ್ತು. ಹೊಸ ಚರ್ಚೆ ಶುರುವಾಗಿತ್ತು, ಅವಳ ಹೆಸರಿನಲ್ಲೇ. ಒಮ್ಮತವಿಲ್ಲದೆ ಹೊರಬಿಡಲು ಇವರ್ಯಾರು ಎಂದು ಸಾಗರ್ ಕೇಳಿದ್ದ. ಇದೇ ಸರ್ವಾಧಿಕಾರ ಎಂದಿದ್ದ ರವಿಚಂದ್ರ. ಒಂದು ವಾರದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. ಕೂಡಲೇ ಹಳೆಯದಕ್ಕೆ ಮರಳಿಸಿ, ಕ್ಷಮೆ ಕೇಳಿ ಎಂದು ಹದಿನೆಂಟು ಜನ ಕೈ ಎತ್ತಿದ್ದರು.

ಪದ್ಮಾವತಿ ಬೀದಿಯ ಅಂಚಿನಲ್ಲಿ ನಿಂತು, 'ನಮ್ಮ ಬೀದಿಯಲ್ಲಿ ಒಬ್ಬ ಹೆಂಗಸು' ಎಂದು ಬರೆಯತೊಡಗಿದಳು. ಅಲ್ಲಿಗೇ ನಿಲ್ಲಿಸಿದಳು. ಇನ್ನು ಬಸವಮ್ಮನ ಬದುಕನ್ನೂ ಇವರ ಮುಂದೆ ಹರಡುವುದೇ? ಅದರ ಮೇಲೂ ಇನ್ನೂರು ಉತ್ತರ ಬರುತ್ತವೆ, ನಲವತ್ತು ನಗುವ ಮುಖ. ಬರೆದದ್ದನ್ನು ಅಳಿಸಿದಳು. ಗುಂಪು ಬಿಡಬಹುದಿತ್ತು. ಬಿಟ್ಟರೆ ಪಾಸ್‌ವರ್ಡ್ ಒಪ್ಪಿಸಬೇಕು, ಒಪ್ಪಿಸಿದ ಗಳಿಗೆಯಲ್ಲೇ ಆ ಮೂಗ ಪರದೆ ವಾಪಸು ಬರುತ್ತದೆ.

'ಮರಳಿಸುವುದಿಲ್ಲ' ಎಂದು ಬರೆದಳು. ಮೆತ್ತಗೆ ಮಾಡಲಿಲ್ಲ. ಅಲ್ಲೇ ನಿಂತು, ಮುಂದಿನ ಉತ್ತರ ಓದತೊಡಗಿದಳು.