ಯಾರೂ ಓದದ ಸಾಲು

ನಾನು ಒಂದು ಹೆಡರ್. ಸರ್ವರು ಒಂದು ಫೈಲನ್ನು ಕಳಿಸುವಾಗ ಅದರ ಮುಂದೆ ಕೆಲವು ಸಾಲುಗಳನ್ನೂ ಕಳಿಸುತ್ತದೆ. ಫೈಲು ಯಾವ ಬಗೆಯದು, ಎಷ್ಟು ದೊಡ್ಡದು, ಹೆಸರೇನು ಎಂದು ಹೇಳುವ ಸಾಲುಗಳು ಅವು. ಹೆಸರು ಹೇಳುವವನು ನಾನು. ನನ್ನ ಪೂರ್ತಿ ಹೆಸರು ಕಂಟೆಂಟ್-ಡಿಸ್ಪೊಸಿಷನ್. ಯಾರೂ ಪ್ರೀತಿಯಿಂದ ಕರೆಯುವಂಥ ಹೆಸರಲ್ಲ.

ಗದಗಿನ ಒಂದು ರಕ್ತಪರೀಕ್ಷೆಯ ಲ್ಯಾಬಿಗಾಗಿ ನನ್ನನ್ನು ಹುಟ್ಟಿಸಿದವನು ಮೆಹಬೂಬ. ಸರ್ವರಿನ ಕೆಲಸ ಅವನದು. ಊಟದ ಬಿಡುವಿಗೆ ಮುಂಚೆ ಮುಗಿಸಬೇಕೆಂದು ಒಂದೇ ಸಾಲಿನಲ್ಲಿ ನನ್ನನ್ನು ಬರೆದು, ಒಮ್ಮೆಯೂ ತಿರುಗಿ ನೋಡದೆ ಕ್ಯಾಂಟೀನಿಗೆ ಹೋದ. ಆದರೂ ತಪ್ಪಿಲ್ಲದೆ ಬರೆದಿದ್ದ. ಹುಸೇನಬಿ ಎಂಬ ರೋಗಿಯ ವರದಿ ಹೊರಟರೆ ನನ್ನಲ್ಲಿ '4417-ಹುಸೇನಬಿ' ಎಂದೇ ಇರುತ್ತಿತ್ತು.

ಮೊದಲ ದಿನವೇ ನನ್ನ ಯೋಗ್ಯತೆ ತಿಳಿಯಿತು. ಲ್ಯಾಬಿನವರು ನೋಡುವ ವೆಬ್ ಪುಟ ಒಂದು ವಿಳಾಸದಲ್ಲಿತ್ತು, ನಮ್ಮ ಸರ್ವರು ಇನ್ನೊಂದರಲ್ಲಿ. ಹಾಗಿದ್ದಾಗ ನಡುವೆ ಬ್ರೌಸರು ಕಾವಲಿಗೆ ನಿಲ್ಲುತ್ತದೆ. ಬಗೆ ಹೇಳುವ ಕಂಟೆಂಟ್-ಟೈಪನ್ನು ಅದು ತಡೆಯುವುದಿಲ್ಲ. ಅಳತೆ ಹೇಳುವವನನ್ನೂ ತಡೆಯುವುದಿಲ್ಲ. ನನ್ನ ಸರದಿ ಬಂದಾಗ ಮಾತ್ರ, 'ಇವನನ್ನು ತೋರಿಸಬಹುದು' ಎಂದು ಸರ್ವರು ಬಾಯಿಬಿಟ್ಟು ಹೇಳಿರಬೇಕು. ಮೆಹಬೂಬ ಅದನ್ನು ಹೇಳಿರಲಿಲ್ಲ. ನಾನು ದಿನಕ್ಕೆ ಇನ್ನೂರು ಸಲ ಬಾಗಿಲ ತನಕ ಬಂದೆ, ಇನ್ನೂರು ಸಲ ಹೊರಗೇ ನಿಂತೆ.

ಕಂಟೆಂಟ್-ಟೈಪಿನ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಿತ್ತೆಂದರೆ ಹೇಳಲಾರೆ. ಅವನು ಹೇಳುವುದಾದರೂ ಏನು? 'ಇದು ಪಿಡಿಎಫ್.' ಬೆಳಗಿನಿಂದ ಸಂಜೆಯವರೆಗೆ ಅದೊಂದೇ ಮಾತು. ಅದನ್ನು ಕೇಳಲು ಎಲ್ಲರೂ ಸಿದ್ಧ.

ಪುಟವನ್ನು ಬರೆದವಳು ತ್ರಿವೇಣಿ. ಫೈಲು ತರಿಸಿಕೊಂಡು ಹೆಸರಿಟ್ಟು ಉಳಿಸುವುದು ಅವಳ ಪುಟದ ಕೆಲಸ. ನಾನು ಹೊತ್ತ ಹೆಸರನ್ನು ಪುಟದಿಂದ ಓದಿಸಲು ಒಮ್ಮೆ ನೋಡಿದಳು, ಖಾಲಿ ಬಂತು. ಏಕೆಂದು ಕೆದಕಲಿಲ್ಲ. ರೋಗಿಯ ನಂಬರ್ ಹೊಡೆಯಲು ಪರದೆಯ ಮೇಲಿದ್ದ ಚೌಕದಲ್ಲಿ ಆ ಗಳಿಗೆಗೆ ಯಾವ ನಂಬರ್ ಇದೆಯೋ ಅದನ್ನೇ ಫೈಲಿಗೆ ಇಡುವಂತೆ ಮಾಡಿದಳು. ಒಂದೊಂದೇ ವರದಿ ಇಳಿಸಿ ನೋಡಿದಳು. ಎಲ್ಲ ಸರಿಯಾಗಿತ್ತು. ನನ್ನ ಜಾಗದಲ್ಲಿ ಒಂದು ಚೌಕ ಕೂತಿತು.

ಆ ಚೌಕದ ಮುಂದೆ ದಿನವಿಡೀ ಕೂರುತ್ತಿದ್ದವಳು ನೀಲಕ್ಕ. ವರದಿಗಳನ್ನು ಇಳಿಸಿ ರೋಗಿಗಳ ಮೊಬೈಲಿಗೆ ಕಳಿಸುವುದು ಅವಳ ಕೆಲಸ. ಬೆರಳು ಚುರುಕು. ಒಂದು ನಂಬರ್ ಹೊಡೆದು ಗುಂಡಿ ಒತ್ತುವಳು. ಫೈಲು ಇಳಿಯಲು ಐದಾರು ಸೆಕೆಂಡು ಬೇಕು, ಕೌಂಟರಿನಾಚೆ ಜನ ನಿಂತಿದ್ದಾರೆ. ಅಷ್ಟರಲ್ಲಿ ಮುಂದಿನ ನಂಬರ್ ಹೊಡೆದುಬಿಡುವಳು. ಫೈಲು ಬಂದು ಮುಟ್ಟುವಾಗ ಚೌಕದಲ್ಲಿ ಬೇರೆಯವರ ನಂಬರ್ ಇರುತ್ತಿತ್ತು. ಒಂದು ದಿನ ಹುಸೇನಬಿಯ ವರದಿ 4418 ಎಂದು ಉಳಿಯಿತು. ಅದಕ್ಕೆ ಹಿಂದಿನವರದು 4417 ಆಯಿತು. ಸರಿಯಾದ ಹೆಸರು ಹಿಡಿದುಕೊಂಡು ನಾನು ಬಾಗಿಲಲ್ಲಿ ನಿಂತಿದ್ದೆ.

ಹುಸೇನಬಿಗೆ ಬೇರೊಬ್ಬರ ಥೈರಾಯ್ಡ್ ವರದಿ ಹೋಯಿತು. ಅವಳ ವೈದ್ಯರು ಮೊಬೈಲಿನಲ್ಲಿ ಎರಡನೇ ಪುಟವನ್ನಷ್ಟೇ ನೋಡಿದರು. ಅಲ್ಲಿ ಹೆಸರಿರಲಿಲ್ಲ, ಅಂಕಿಗಳಿದ್ದವು. ಗುಳಿಗೆ ಹೆಚ್ಚಿಸಿದರು. ಎಂಟು ದಿನ ಅವಳ ಎದೆ ಡವಡವ ಹೊಡೆದುಕೊಂಡಿತು. ಒಂಬತ್ತನೇ ದಿನ ಮೊದಲ ಪುಟದಲ್ಲಿ ಬೇರೆಯವರ ಹೆಸರು ಕಂಡ ಅವಳ ಮಗ ಲ್ಯಾಬಿಗೆ ಬಂದು ಗಲಾಟೆ ಮಾಡಿದ.

ಲ್ಯಾಬಿನ ಯಜಮಾನರು ಡಾಕ್ಟರ್ ಹಿರೇಗೌಡರ. ಕೌಂಟರಿಗೇ ಬಂದರು.

"ನಂಬರ್ ನೋಡಿ ಕಳಸೂದೂ ಬರಂಗಿಲ್ಲೇನ ನಿನಗ? ನಾಳಿಂದ ಬರಬ್ಯಾಡ."

"ನಂಬರ್ ನೋಡೇ ಕಳಸೇನ್ರೀ ಸರ. ಕಂಪ್ಯೂಟರ್ ಇಟ್ಟ ನಂಬರ್ ಅದು."

"ಕಂಪ್ಯೂಟರಿಗೆ ನಿನ್ನ ಮ್ಯಾಲ ಏನ್ ಹಗೆತನ ಐತೇನ?"

ಕುರ್ಚಿಗಳಲ್ಲಿ ಕೂತಿದ್ದವರು ನಕ್ಕರು. ನೀಲಕ್ಕ ಏಳಲಿಲ್ಲ. "ಇದನ್ನ ಮಾಡಿದವ್ರನ್ನ ಕರಸ್ರಿ. ಅವ್ರ ಮುಂದ ಮಾಡಿ ತೋರಸ್ತೀನಿ. ತಪ್ಪು ನಂದಾದ್ರ ನಾನ ಎದ್ದು ಹೋಗ್ತೀನಿ."

ಹನ್ನೊಂದು ವರ್ಷದ ಕೆಲಸ. ಬೇರೆ ಯಾವ ಲ್ಯಾಬೂ, ವರದಿ ಅದಲುಬದಲು ಮಾಡಿದವಳು ಎನಿಸಿಕೊಂಡವಳನ್ನು ಸೇರಿಸಿಕೊಳ್ಳುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ಕೂತು ನಕ್ಕವರಿಗೂ ಗೊತ್ತಿತ್ತು.

ಡಾಕ್ಟರು ಕರೆಸಿದ್ದಕ್ಕೆ ಮರುದಿನ ತ್ರಿವೇಣಿ ಹುಬ್ಬಳ್ಳಿಯಿಂದ ಬಂದಳು. ಬರುವಾಗಲೇ ಮುಖ ಬಿಗಿದಿತ್ತು. ತಾನೇ ಕೂತು ನಾಲ್ಕು ವರದಿ ಇಳಿಸಿದಳು. ನಾಲ್ಕೂ ಸರಿ.

"ನೋಡ್ರಿ ಅಕ್ಕಾರ, ಏನೂ ತಪ್ಪಿಲ್ಲ."

"ನೀವು ಹಂಗ ಮೆಲ್ಲಕ ಮಾಡಿದ್ರ ಯಾಕ ತಪ್ಪಾಕ್ಕೈತ್ರೀ? ಏಳ್ರಿ, ನಾ ಮಾಡ್ತೀನಿ."

ನೀಲಕ್ಕ ಕೂತು ತನ್ನ ವೇಗದಲ್ಲಿ ಆರು ನಂಬರ್ ಹೊಡೆದಳು, ಐದು ಫೈಲುಗಳು ಮುಂದಿನವರ ನಂಬರಿನಲ್ಲಿ ಉಳಿದವು. ತ್ರಿವೇಣಿ ಅವಳ ಕೈಯನ್ನೇ ನೋಡಿದಳು.

"ಇಳಿಯೂತನಕಾ ಕಾಯಂಗಿಲ್ಲೇನ್ರೀ ನೀವು?"

"ಅದು ಸುತ್ತೂದನ್ನ ನೋಡ್ಕೊಂತ ಕುಂತ್ರ ಈ ಮಂದಿ ಮನೀಗೆ ಯಾವಾಗ ಹೋಗ್ಬೇಕ್ರೀ?"

ತ್ರಿವೇಣಿ ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡಳು. ಬ್ರೌಸರಿನ ಒಳಭಾಗ ತೆರೆದು, ಸರ್ವರು ಕಳಿಸಿದ ಸಾಲುಗಳನ್ನು ಒಂದೊಂದಾಗಿ ಓದುತ್ತ ಕೆಳಗಿಳಿದಳು. ಕಂಟೆಂಟ್-ಟೈಪನ್ನು ದಾಟಿ ನನ್ನ ಮೇಲೆ ನಿಂತಳು. ಅಲ್ಲಿ ನಾನು ಕಾಣುತ್ತೇನೆ. ಮನುಷ್ಯರಿಗೆ ಅಡ್ಡಿಯಿಲ್ಲ, ಅಡ್ಡಿಯಿರುವುದು ಪುಟಕ್ಕೆ. ನನ್ನಲ್ಲಿ ಒಂದು ಹೆಸರು, ಉಳಿಸಿದ ಫೈಲಿನ ಮೇಲೆ ಇನ್ನೊಂದು. ಫೋನು ತೆಗೆದಳು.

"ಮೆಹಬೂಬ, ಫೈಲಿನ ಹೆಸರು ಹೆಡರಿನ್ಯಾಗ ಕಳಸಾಕತ್ತಿ ಏನ?"

"ಒಂದನೇ ದಿನದಿಂದ ಕಳಸಾಕತ್ತೀನಿ. ನೀ ಓದಂಗಿಲ್ಲ ಅಂದ್ರ ನಾ ಏನ್ ಮಾಡ್ಲಿ?"

"ಓದಾಕ ಹ್ವಾದ್ರ ಖಾಲಿ ಬರತೈತಿ. ತೋರಸ್ಬಹುದು ಅಂತ ನಿನ್ನ ಸರ್ವರು ಹೇಳೇ ಇಲ್ಲ."

ಆ ಕಡೆ ಕೀಲಿಗಳ ಸದ್ದು ಕೇಳಿತು. "ಹೌದ ನೋಡ," ಎಂದ.

ಹತ್ತು ನಿಮಿಷದಲ್ಲಿ 'ಇವನನ್ನು ತೋರಿಸಬಹುದು' ಎನ್ನುವ ಒಂದು ಹೊಸ ಸಾಲು ಸೇರಿತು. ತ್ರಿವೇಣಿ ಚೌಕವನ್ನು ನೋಡುವುದನ್ನು ಬಿಡಿಸಿದಳು, ಪುಟ ನನ್ನನ್ನು ಓದಿತು. ನೀಲಕ್ಕ ಮತ್ತೆ ಆರು ನಂಬರನ್ನು ಅದೇ ವೇಗದಲ್ಲಿ ಹೊಡೆದಳು. ಆರೂ ಸರಿಯಾಗಿ ಉಳಿದವು.

"ತಪ್ಪು ನಮ್ಮದ್ರೀ," ಎಂದಳು ತ್ರಿವೇಣಿ. ಡಾಕ್ಟರು ನೀಲಕ್ಕನನ್ನು ಒಳಗೆ ಕರೆದು, "ಆತು, ನಾಳೆ ಬಾ," ಎಂದರು.

"ಬರಬ್ಯಾಡ ಅಂದದ್ದು ಹೊರಗ್ರೀ ಸರ. ಬಾ ಅನ್ನೂದನ್ನೂ ಹೊರಗ ಬಂದು ಹೇಳ್ರಿ."

ಡಾಕ್ಟರು ಕೌಂಟರಿಗೆ ಬಂದರು. ಗಂಟಲು ಸರಿಮಾಡಿಕೊಂಡು ಕುರ್ಚಿಗಳ ಕಡೆ ನೋಡಿ, ನೀಲಕ್ಕನದು ತಪ್ಪಿರಲಿಲ್ಲ, ನಮ್ಮ ಕಂಪ್ಯೂಟರಿನದು ತಪ್ಪು ಎಂದರು. ಅವಳು ತಲೆಯಾಡಿಸಿ ಮುಂದಿನ ನಂಬರ್ ಹೊಡೆದಳು.

ನನ್ನ ಹೆಸರನ್ನು ಯಾರೂ ಹೇಳಲಿಲ್ಲ. ಮೆಹಬೂಬ ಆಫೀಸಿನಲ್ಲಿ ಹೊಗಳಿದ್ದು ಆ ಹೊಸ ಸಾಲನ್ನು, 'ಒಂದೇ ಸಾಲಿನಾಗ ಎಲ್ಲಾ ಸರಿ ಆತು' ಎಂದು. ಕಂಟೆಂಟ್-ಟೈಪಿನ ಮೇಲಿದ್ದ ಕಿಚ್ಚು ಅಂದೇ ಅದರ ಕಡೆಗೆ ತಿರುಗಿತು.

ಈಗ ಲ್ಯಾಬಿಗೆ ಹೊಸ ವ್ಯವಸ್ಥೆ ಬಂದಿದೆ. ವರದಿ ನೇರವಾಗಿ ರೋಗಿಯ ಫೋನಿಗೇ ಹೋಗುತ್ತದೆ. ಹಳೆಯ ಸರ್ವರನ್ನು ಹಳೆಯ ದಾಖಲೆಗಳಿಗಾಗಿ ಮೂಲೆಯಲ್ಲಿ ಚಾಲೂ ಇಟ್ಟಿದ್ದಾರೆ. ತಿಂಗಳಿಗೊಮ್ಮೆ ಯಾರಾದರೂ ಕೇಳಿದರೆ ಹೊರಡುತ್ತೇನೆ. ವಯಸ್ಸಾದ ಮೇಲೆ ಮನಸ್ಸು ತಣ್ಣಗಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಿಲ್ಲ. ಹೊಸ ಸರ್ವರಿನ ಹೆಡರುಗಳನ್ನು ನೆನೆದರೆ ಈಗಲೂ ಉರಿಯುತ್ತದೆ. ಆ ಉರಿಯನ್ನು ಆರಿಸುವ ಆಸೆಯೂ ಇಲ್ಲ. ಲಕ್ಷಗಟ್ಟಲೆ ಹೆಸರು ಹೊತ್ತಿದ್ದೇನೆ, ಎಲ್ಲವೂ ಬೇರೆಯವರವು. ನನ್ನದೆಂದು ಇರುವುದು ಈ ಹೊಟ್ಟೆಕಿಚ್ಚೊಂದೇ.