ಎರಡನೇ ಭಾಗದಲ್ಲಿ ಬಾರದವನು

ಬಸವಕಲ್ಯಾಣಕ್ಕೆ ಸಂಜೆಯ ಸೊಲ್ಲಾಪುರ ಬಸ್ಸು ಬಂದು ಹಾರ್ನ್ ಹೊಡೆದರೆ ಸಾಕು, ಮೀರಾಬಾಯಿ ಮಾಡುತ್ತಿದ್ದ ಕೆಲಸ ಬಿಟ್ಟು ತಲೆ ಎತ್ತುತ್ತಿದ್ದಳು. ಮಗ ನಾಗನಾಥ ಆ ದಾರಿಯಲ್ಲೇ ಮುಂಬಯಿಗೆ ಹೋದವನು. ಏಳು ವರ್ಷವಾದರೂ ಕಾಗದವಿಲ್ಲ, ಸುದ್ದಿಯಿಲ್ಲ. ಅವನ ಹೆಂಡತಿ ಭಾಗಮ್ಮ ಕೊರಳಲ್ಲಿ ತಾಳಿ ಇಟ್ಟುಕೊಂಡು ಅತ್ತೆಯ ಮನೆಯಲ್ಲೇ ರೊಟ್ಟಿ ಬಡಿಯುತ್ತಿದ್ದಳು.

ಕೊಹಿನೂರು ಹಳ್ಳಿಯ ಹಣಮಂತ, ಹೆಂಡತಿ ತೀರಿಕೊಂಡ ರೈತ, ಅವಳನ್ನು ಉಡಕಿ ಮಾಡಿಕೊಳ್ಳುತ್ತೇನೆಂದು ಹಿರಿಯರನ್ನು ಕಳಿಸಿದ. ಗಂಡನಿಲ್ಲದವಳಿಗೆ ಮತ್ತೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವ ಆ ಮದುವೆಗೆ ಅತ್ತೆಯ ಒಪ್ಪಿಗೆ ಬೇಕು. ಮೀರಾಬಾಯಿ ಹೂಂ ಅನ್ನಲಿಲ್ಲ.

ಮೂರು ವರ್ಷದ ಹಿಂದೆ ಹುಮನಾಬಾದಿನ ಟಾಕೀಸಿನಲ್ಲಿ ಅವಳು ಪರದೇಶದ ಒಂದು ಚಿತ್ರ ನೋಡಿದ್ದಳು, ಮಾತೆಲ್ಲ ಹಿಂದಿ. ರಾಕೆಟ್ಟಿನಲ್ಲಿ ದೂರದ ಗ್ರಹಕ್ಕೆ ಹೋದ ಹುಡುಗನೊಬ್ಬ, ಉಸಿರಾಡುವ ಗಾಳಿಯ ನಳಿ ಹರಿದು, ಅದಕ್ಕೊಂದು ಪಟ್ಟಿ ಬಿಗಿದುಕೊಂಡು, ಇಲ್ಲಿಯಂಥದೇ ಕೆಂಪು ನೆಲದ ಮೇಲೆ ಒಬ್ಬನೇ ಉಳಿಯುತ್ತಾನೆ. ಅಲ್ಲಿಗೆ ಚಿತ್ರ ಮುಗಿದಿತ್ತು. ಆ ಹುಡುಗನ ನಡಿಗೆ ಥೇಟ್ ನಾಗನಾಥನದೇ ಎಂದು ಮೀರಾಬಾಯಿ ದಾರಿಯುದ್ದಕ್ಕೂ ಅತ್ತಿದ್ದಳು.

ಈಗ ಹಿರಿಯರ ಮುಂದೆ ಅವಳು ಅಂದಳು: "ಎರಡನೇ ಭಾಗ ಬರಾಕತ್ತದಂತ. ಆ ಹುಡುಗ ತಿರುಗಿ ಬಂದ್ರ ನನ್ನ ನಾಗನೂ ಬರ್ತಾನ. ಅಂವ ಬರಲಿಲ್ಲಂದ್ರ ನಿಮ್ಮ ಉಡಕಿ ಮಾಡ್ಕೊರ್ರಿ."

"ಮಂದಿ ಗುಡಿಯಾಗ ಹೂ ಕೇಳ್ತಾರ, ನೀ ಟಾಕೀಸ್‌ದಾಗ ಕೇಳಾಕತ್ತಿಯಲ್ಲ ಮೀರಾಬಾಯಿ!" ಎಂದು ಒಬ್ಬರು ನಕ್ಕರು.

"ಗುಡಿಯಾಗ ಏಳು ವರ್ಷ ಕೇಳೀನ್ರಿ. ಹೂ ಬೀಳ್ಲಿಲ್ಲ."

ಹಿರಿಯರು ಆಕೆಯ ಮಾತಿಗೆ ಒಪ್ಪಿ ಎದ್ದರು.

ಚಿತ್ರ ಬಂದಾಗ ಮೀರಾಬಾಯಿಯ ಮೊಣಕಾಲು ಬಾತಿತ್ತು. ಮಗಳು ದ್ರೌಪತಿಯನ್ನೂ ಸೊಸೆಯನ್ನೂ ಕಳಿಸಿದಳು. ದ್ರೌಪತಿ ಬಿ.ಎ. ಮುಗಿಸಿದವಳು, ಮಾತು ಬಲು ಕಡಿಮೆ. ಮನೆಗೆ ನೆಂಟರು ಬಂದರೆ ಒಳಮನೆಯ ಕಂಬಕ್ಕೆ ಅಂಟಿಕೊಳ್ಳುವ ಹುಡುಗಿ.

ಚಿತ್ರದ ರಾಕೆಟ್ಟು ಮೊದಲಿನದಕ್ಕಿಂತ ದೊಡ್ಡದಿತ್ತು, ಬೆಂಕಿ ಹೆಚ್ಚಿತ್ತು. ಅರ್ಧ ಮುಗಿಯುವುದರೊಳಗೆ ಆ ಹುಡುಗ ನುಣ್ಣಗೆ ಗಡ್ಡ ಹೆರೆದುಕೊಂಡು, ಇಸ್ತ್ರಿಯ ಅಂಗಿ ತೊಟ್ಟು ಮೆಟ್ಟಿಲಿಳಿದು ಬಂದ. ಮಂದಿ ಸಿಳ್ಳೆ ಹೊಡೆದರು. ಹರಿದ ನಳಿಯ ಮಾತು ಯಾರೂ ಎತ್ತಲಿಲ್ಲ. ಮೊದಲ ಭಾಗದಲ್ಲಿ ಆದದ್ದು ಎರಡನೆಯದರಲ್ಲಿ ಒಬ್ಬರ ಮೈಗೂ ತಾಗಿರಲಿಲ್ಲ. ತನ್ನ ಮನೆಯನ್ನೇ ಯಾರೋ ಗೇಲಿ ಮಾಡಿದಂತೆ ದ್ರೌಪತಿಗೆ ಮುಖ ಬಿಸಿಯಾಯಿತು.

ತಿರುಗಿ ಬರುವ ಬಸ್ಸಿನಲ್ಲಿ ಭಾಗಮ್ಮ ಅಂದಳು: "ಅಷ್ಟು ವರ್ಷ ಹೋದಂವ ಬಂದ್ರ ಮನಿ ನಾಯಿ ಸೈತ ಬೊಗಳತದ. ಇವಂಗ ಉಂಡೀಯೇನು ಅಂತ ಒಬ್ಬರೂ ಕೇಳ್ಲಿಲ್ಲಲ್ಲ."

"ಯವ್ವಗ ಏನ್ ಹೇಳ್ಲಿ ವೈನಿ?"

"ನೋಡಿದ್ದ ಹೇಳು. ನನ್ನ ಸಲುವಾಗಿ ಸುಳ್ಳಾಡಬ್ಯಾಡ." ಭಾಗಮ್ಮ ಕಿಟಕಿಯ ಕಡೆ ತಿರುಗಿದಳು. ಅವಳ ಕಿವಿಯ ಹಿಂದೆ ನರೆಗೂದಲೊಂದು ದ್ರೌಪತಿಗೆ ಕಂಡಿತು.

ಮೀರಾಬಾಯಿ ಮೊರದಲ್ಲಿ ತೊಗರಿ ಹಾಕಿಕೊಂಡು ಕಾದು ಕುಳಿತಿದ್ದಳು. "ಬಂದನ?"

"ಮೊದಲಿಂದ ಕೇಳು ಯವ್ವಾ," ಎಂದಳು ದ್ರೌಪತಿ.

"ಆ ನಳಿ ಹರಿದಿತ್ತಲ್ಲ? ಅದೇನಾತು?"

ದ್ರೌಪತಿ ನಳಿಯಿಂದಲೇ ಸುರು ಮಾಡಿದಳು. ಪಟ್ಟಿ ಬಿಗಿದರೂ ಗಾಳಿ ಸೋರುತ್ತಿತ್ತು ಎಂದಳು. ಗಾಳಿ ಉಳಿಸಲೆಂದು ಹುಡುಗ ಮಲಗಿಯೇ ಇರುತ್ತಿದ್ದ, ರೇಡಿಯೋದಲ್ಲಿ ಅವನ ದನಿ ಭೂಮಿಗೆ ತಡವಾಗಿ ಮುಟ್ಟುತ್ತಿತ್ತು, ಮಾತು ಬ್ಯಾಸರವಾದರೆ ನಾಲಿಗೆ ಲೊಚಗುಟ್ಟಿಸುತ್ತಿದ್ದ, ಎತ್ತು ಕರೆದಂತೆ. ಅದು ಅಣ್ಣನ ಚಾಳಿ. ಕತೆಗೆ ಹಾಕಬೇಕೆಂದು ಅವಳು ಎಣಿಸಿರಲಿಲ್ಲ. ತಾನಾಗಿ ಬಾಯಿಗೆ ಬಂತು.

"ಹುಡುಕೊಂಡು ಹೋದರಿಲ್ಲ?"

"ಹೋದರು. ಅಂವ ಅಲ್ಲಿ ಓಡಾಡೋ ಬಂಡಿಗೆ ಬೆನ್ನು ಹಚ್ಚಿ ಕುಂತಿದ್ದ. ಮೊಣಕಾಲತನಕ ಕೆಂಪು ಮಣ್ಣು ಏರಿತ್ತು."

ಮೀರಾಬಾಯಿಯ ಕೈ ತೊಗರಿಯಲ್ಲೇ ನಿಂತಿತು. "ಅವರ ತಾಯಿ?"

"ತೋರಿಸಲಿಲ್ಲವ್ವ."

"ತೋರಿಸಬಾರದ ಬಿಡು." ತೊಗರಿಯನ್ನು ಒಂದು ಸಲ ಕೇರಿ ಅವಳೇ ಅಂದಳು: "ಖರೇ ಅದ. ಹಂಗೇ ಆಗಿರ್ತದ." ಆಮೇಲೆ ಅಡಿಗೆಮನೆಯತ್ತ ದನಿ ಎತ್ತಿದಳು: "ಭಾಗವ್ವಾ, ಕೊಹಿನೂರಿಗಿ ಹೇಳಿ ಕಳಸ್ರಿ."

ಒಳಗೆ ರೊಟ್ಟಿಯ ಸಪ್ಪಳ ಆಗಲೇ ನಿಂತಿತ್ತು. ನಿಜವಾದ ಚಿತ್ರ ನೋಡಿ ಬಂದಿದ್ದ ಭಾಗಮ್ಮ ಕೂಡ ಒಲೆಯ ಮುಂದೆ ಸಾವಿನ ಸುದ್ದಿ ಕೇಳಿದವಳಂತೆ ಕುಳಿತಿದ್ದಳು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು.

ಉಡಕಿ ಆಯಿತು. ಭಾಗಮ್ಮ ಕೊಹಿನೂರಿಗೆ ಹೋದಳು. ಹೋಗುವಾಗ ದ್ರೌಪತಿಯ ಕೈ ಹಿಡಿದುಕೊಂಡಳು.

ಒಂದು ಸಂಜೆ ನೆರೆಮನೆಯ ಕುಲ್ಸುಮ್ ಬೀ ಹುಮನಾಬಾದಿನ ತವರಿನಿಂದ ಬಂದವಳು ಕಟ್ಟೆಗೆ ಕುಳಿತಳು. "ಅರೆ ಮೀರಾಬಾಯಿ, ಆ ರಾಕೇಟಿನ ಪಿಚ್ಚರ್ ನೋಡ್ದೆ ನೋಡು! ಹುಡುಗ ಜಿಂದಾ ವಾಪಸ್ ಬರ್ತಾನಲ್ಲ, ಟಾಕೀಸ್ ಹಾರಿ ಹೋಗ್ಬೇಕು, ಅಷ್ಟು ಸೀಟಿ!"

ಬಾಗಿಲಲ್ಲಿದ್ದ ದ್ರೌಪತಿ ಚೌಕಟ್ಟು ಹಿಡಿದುಕೊಂಡಳು.

ಮೀರಾಬಾಯಿ ಮೊರದಿಂದ ಕಲ್ಲೊಂದನ್ನು ಆರಿಸಿ ಅಂಗಳಕ್ಕೆ ಎಸೆದಳು. "ನೀ ಬ್ಯಾರೆ ಯಾವುದೋ ನೋಡಿ ಬಂದಿ ಬೀ. ನಳಿ ಹರಿದಿತ್ತು. ಹ್ಯಾಂಗ ಬರ್ತಾನ?"

"ಖುದಾ ಕಸಮ್, ಇಳಿದು ಬಂದ!"

"ಹಂಗ ಬಂದಿದ್ರ ಅದು ಸುಳ್ಳು ಪಿಚ್ಚರ್."

ಅಷ್ಟರಲ್ಲಿ ಸೊಲ್ಲಾಪುರದ ಬಸ್ಸು ಹಾರ್ನ್ ಹೊಡೆಯಿತು. ಮೀರಾಬಾಯಿ ತಲೆ ಎತ್ತಲಿಲ್ಲ. ದ್ರೌಪತಿ ಎತ್ತಿದಳು, ರಸ್ತೆಯ ತಿರುವಿನಲ್ಲಿ ಧೂಳು ಇಳಿಯುವವರೆಗೂ ನೋಡುತ್ತ ನಿಂತಳು.